ಸುಶ್ರುತನ ಕಲ್ಲು, ನಮ್ಮ ಚಿಕ್ಕಪ್ಪನ ಹರಳು

ಆರು ವರ್ಷದ ಹಿಂದೆ ನಾವು ಒಂದು ಸುದ್ದಿ ಬರೆದಿದ್ದೆವು. ಪಕ್ಕದ ಹೋಬಳಿಯಲ್ಲಿ ಕಿಡ್ನಿ ಹರಳಿಗೆ ಸೊಪ್ಪು ಕೊಡುವ ಅಜ್ಜರೊಬ್ಬರ ಬಗ್ಗೆ. ಭಾನುವಾರ, ಗುರುವಾರ ಅವರ ಮನೆ ಮುಂದೆ ಬೈಕು, ಆಟೋ ಸಾಲುಗಟ್ಟುತ್ತವೆ. ದುಡ್ಡು ಕೇಳುವುದಿಲ್ಲ, ಎಲೆ ಅಡಿಕೆ, ಬಾಳೆಹಣ್ಣು ತಂದರೆ ಸಾಕು. ಸುದ್ದಿಗೆ ಬೇಕಾದ್ದೆಲ್ಲ ಅಲ್ಲಿತ್ತು. ‘ಸುಶ್ರುತನ ಕಾಲದ ಚಿಕಿತ್ಸೆ, ಆಪರೇಷನ್ ಬೇಡವೇ ಬೇಡ’ ಎಂದು ತಲೆಬರಹ ಕೊಟ್ಟೆವು. ಫೋಟೊ ಸಮೇತ ಅರ್ಧ ಪುಟ ಬಂತು. ವಾಟ್ಸಾಪಿನಲ್ಲಿ ಅದು ಇವತ್ತಿಗೂ ಓಡಾಡುತ್ತಿದೆ.

ಆ ಸುದ್ದಿ ಓದಿಕೊಂಡು ಹೋದವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಬಲಗಡೆ ಪಕ್ಕೆ ಹಿಡಿದುಕೊಂಡು ರಾತ್ರಿಯಿಡೀ ಒದ್ದಾಡಿದ್ದರು. ಸ್ಕ್ಯಾನಿಂಗಿನಲ್ಲಿ ಮೂತ್ರನಾಳದಲ್ಲಿ 9 ಮಿಲಿಮೀಟರಿನ ಹರಳು ಕಂಡಿತ್ತು. ಹದಿನೈದು ದಿನ ಮಜ್ಜಿಗೆಯಲ್ಲಿ ಸೊಪ್ಪು ಅರೆದು ಕುಡಿದರು. ನೋವು ಹೋಯಿತು. ‘ಬಿತ್ತು ಕಣೋ, ನಿನ್ನ ಪೇಪರ್ ಉಪಕಾರಕ್ಕೆ ಬಂತು’ ಎಂದು ನಮಗೇ ಫೋನ್ ಮಾಡಿ ಹೇಳಿದರು. ಮತ್ತೆ ಸ್ಕ್ಯಾನ್ ಮಾಡಿಸಿ ಎಂದು ನಾವೂ ಹೇಳಲಿಲ್ಲ.

ಒಂದೂವರೆ ವರ್ಷದ ನಂತರ ಬಿಪಿ ಏಕೋ ಏರುತ್ತಿದೆ ಎಂದು ತೋರಿಸಿದಾಗ ಗೊತ್ತಾಯಿತು. ಹರಳು ಇದ್ದಲ್ಲೇ ಇತ್ತು. ಹಿಂದೆ ಕಟ್ಟಿಕೊಂಡ ಮೂತ್ರದಿಂದ ಬಲಗಡೆ ಕಿಡ್ನಿ ನೀರು ತುಂಬಿದ ಚೀಲದಂತೆ ಊದಿ, ಕೆಲಸ ನಿಲ್ಲಿಸಿತ್ತು. ದಾರಿ ಪೂರ್ತಿ ಕಟ್ಟಿ ಹೋದಾಗ ಕಿಡ್ನಿ ಮೂತ್ರ ಮಾಡುವುದನ್ನೇ ಕಡಿಮೆ ಮಾಡುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಆಗ ನೋವೂ ನಿಲ್ಲುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದರು. ನೋವು ನಿಂತದ್ದು ಹರಳು ಬಿದ್ದದ್ದಕ್ಕಲ್ಲ, ಕಿಡ್ನಿ ಸೋತದ್ದಕ್ಕೆ.

ಅಜ್ಜರನ್ನು ದೂರಲು ಇದನ್ನು ಬರೆಯುತ್ತಿಲ್ಲ. ತಲೆಬರಹ ಅವರದ್ದಲ್ಲ, ನಮ್ಮದು. ಸುಶ್ರುತನ ಹೆಸರು ತಂದವರೂ ನಾವೇ. ಆತ ನಿಜವಾಗಿ ಏನು ಬರೆದಿದ್ದಾನೆ ಎಂದು ಒಂದು ಪುಟವನ್ನೂ ಓದದೆ ತಂದಿದ್ದೆವು. ಆಮೇಲೆ ಓದಿದೆವು. ಅನುವಾದ ಹುಡುಕಿಕೊಂಡು, ಪರಿಚಯದ ಆಯುರ್ವೇದ ವೈದ್ಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆವು.

ಮೊದಲ ಪುಟಗಳಲ್ಲೇ ನಮ್ಮ ತಲೆಬರಹ ಬಿದ್ದು ಹೋಯಿತು. ಮೂತ್ರದ ಕಲ್ಲನ್ನು ಕೊಯ್ದು ತೆಗೆಯುವುದು ಹೇಗೆ ಎಂದು ಈ ದೇಶದಲ್ಲಿ ಅಷ್ಟು ಹಿಂದೆಯೇ ವಿವರವಾಗಿ ಬರೆದಿಟ್ಟ ಗ್ರಂಥವೇ ಸುಶ್ರುತ ಸಂಹಿತೆ. ‘ಆಪರೇಷನ್ ಬೇಡ’ ಎನ್ನಲು ನಾವು ಹೆಸರು ಎತ್ತಿಕೊಂಡದ್ದು ಆಪರೇಷನ್ ಮಾಡುವವನದ್ದು!

ಸಂಹಿತೆ ಒಂದೇ ಕಾಲದಲ್ಲಿ ಹುಟ್ಟಿದ್ದಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದಿನಿಂದ ಶತಮಾನಗಳ ಕಾಲ ಸೇರುತ್ತಾ, ತಿದ್ದಿಸಿಕೊಳ್ಳುತ್ತಾ ಬಂದದ್ದು. ಕ್ರಿ.ಶ. 878ರಲ್ಲಿ ಬರೆದ ಅದರ ತಾಳೆಗರಿ ಪ್ರತಿಯೊಂದು ಕಠ್ಮಂಡುವಿನಲ್ಲಿದೆ. ಬಾಗ್ದಾದಿನಲ್ಲಿ ಅರಬ್ಬಿಗೂ ಅನುವಾದವಾಗಿತ್ತು. ಕಲ್ಲಿಗೆ ಅದರಲ್ಲಿ ಅಶ್ಮರಿ ಎಂದು ಹೆಸರು. ನಿದಾನಸ್ಥಾನದ 3ನೇ ಅಧ್ಯಾಯ ರೋಗ ಗುರುತಿಸುವುದಕ್ಕೆ, ಚಿಕಿತ್ಸಾಸ್ಥಾನದ 7ನೇ ಅಧ್ಯಾಯ ಚಿಕಿತ್ಸೆಗೆ.

ಕಲ್ಲು ಹೇಗೆ ಹುಟ್ಟುತ್ತದೆ? ಹೊಸ ಮಡಕೆಯಲ್ಲಿ ತಿಳಿನೀರನ್ನೇ ತುಂಬಿಡಿ, ಕೆಲಕಾಲಕ್ಕೆ ತಳದಲ್ಲಿ ಗಸಿ ಕೂರುತ್ತದಲ್ಲ, ಹಾಗೆ ಎನ್ನುತ್ತಾನೆ ಸುಶ್ರುತ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚರಕ ಇನ್ನೊಂದು ಹೋಲಿಕೆ ಕೊಡುತ್ತಾನೆ: ಹಸುವಿನ ಪಿತ್ತದಲ್ಲಿ ಗೋರೋಚನ ಗಟ್ಟಿಯಾಗುವ ಹಾಗೆ. ದನದ ಹೊಟ್ಟೆಯೊಳಗೆ ಏನಿರುತ್ತದೆ ಎಂದು ಕಂಡವರ ಮಾತು ಅದು.

ಕಲ್ಲುಗಳ ಬಣ್ಣ, ರೂಪವನ್ನೂ ಬರೆದಿದ್ದಾನೆ. ಕಫದ ಕಲ್ಲು ಬಿಳಿ, ನುಣುಪು, ಕೋಳಿಮೊಟ್ಟೆಯಷ್ಟು ದೊಡ್ಡದು. ಪಿತ್ತದ್ದು ಕೆಂಪು, ಹಳದಿ ಅಥವಾ ಕಪ್ಪು ಬಣ್ಣದ್ದು. ವಾತದ್ದು ಗಡುಸು, ಒರಟು, ಕದಂಬದ ಹೂವಿನಂತೆ ಮೈಯೆಲ್ಲ ಮುಳ್ಳು. ದೊಡ್ಡವರಲ್ಲಿ ಶುಕ್ರದ ಕಲ್ಲು ಎಂಬ ನಾಲ್ಕನೆಯದೂ ಉಂಟು. ಇಂದಿನ ಪ್ರಯೋಗಾಲಯದಲ್ಲಿ ಆಕ್ಸಲೇಟ್ ಎಂದು ಬರೆಯುವ ಹರಳು ಎಷ್ಟೋ ಸಲ ಹೀಗೇ ಮುಳ್ಳುಮುಳ್ಳಾಗಿರುತ್ತದೆ, ಫಾಸ್ಫೇಟಿನದು ಬೆಳ್ಳಗೆ ದೊಡ್ಡದಾಗಿ ಬೆಳೆಯುತ್ತದೆ. ಕೋಳಿಮೊಟ್ಟೆಯಷ್ಟು ಎಂದು ಬರೆಯಬೇಕಾದರೆ ಯಾರೋ ಅದನ್ನು ಹೊರತೆಗೆದು ಅಂಗೈಯಲ್ಲಿಟ್ಟು ನೋಡಿರಲೇಬೇಕು.

ಹೊರತೆಗೆಯುತ್ತಿದ್ದ ರೀತಿ ಹೀಗೆ. ರೋಗಿಗೆ ಎಣ್ಣೆ ಹಚ್ಚಿ, ಬೆವರಿಳಿಸಿ, ಧೈರ್ಯ ಹೇಳುತ್ತಾರೆ. ಮೊಣಕಾಲೆತ್ತರದ ಹಲಗೆಯ ಮೇಲೆ ಗಟ್ಟಿ ಆಳೊಬ್ಬ ಕೂತಿರುತ್ತಾನೆ, ಅವನ ತೊಡೆಯ ಮೇಲೆ ರೋಗಿಯ ಮೇಲ್ಮೈ. ಸೊಂಟದ ಕೆಳಗೆ ಬಟ್ಟೆಯ ದಿಂಬು. ಮೊಣಕಾಲು, ಮೊಣಕೈ ಮಡಿಸಿ ಪಟ್ಟಿಯಿಂದ ಬಿಗಿಯುತ್ತಾರೆ. ಹೊಕ್ಕುಳಿನ ಎಡಭಾಗದಲ್ಲಿ ಮುಷ್ಟಿಯಿಂದ ಒತ್ತಿ ಕಲ್ಲನ್ನು ಕೆಳಕ್ಕಿಳಿಸುತ್ತಾರೆ. ಉಗುರು ಕತ್ತರಿಸಿ ಎಣ್ಣೆ ಹಚ್ಚಿದ ಎಡಗೈಯ ಎರಡು ಬೆರಳನ್ನು ಗುದದ್ವಾರದಲ್ಲಿ ತೂರಿಸಿ, ಕಲ್ಲನ್ನು ಮುಂದಕ್ಕೆ ತಳ್ಳುತ್ತಾರೆ. ಅದು ಗಂಟಿನಂತೆ ಚರ್ಮದ ಕೆಳಗೆ ಎದ್ದು ಕಾಣಬೇಕು. ಆಗ ನಡುವಿನ ಹೊಲಿಗೆಯಂಥ ಗೆರೆಯಿಂದ ಎಡಕ್ಕೆ ಒಂದು ಜವೆಗೋಧಿ ಕಾಳಿನಷ್ಟು ಬಿಟ್ಟು, ಕಲ್ಲಿನ ಗಾತ್ರಕ್ಕೆ ತಕ್ಕಷ್ಟೇ ಕೊಯ್ಯಬೇಕು. ಕಲ್ಲು ಒಡೆಯಬಾರದು, ಪುಡಿಯಾಗಬಾರದು. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ.

ಅರಿವಳಿಕೆ ಇಲ್ಲದ ಕಾಲ. ಹಲಗೆಯ ಮೇಲೆ ಆಳನ್ನು ಕೂರಿಸುತ್ತಿದ್ದುದು ಏಕೆಂದು ತಿಳಿಯುತ್ತದೆ.

ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಾರೆ, ರಕ್ತ ಒಳಗೆ ಕಟ್ಟಿಕೊಳ್ಳಬಾರದೆಂದು. ಮೂರು ದಿನ ತುಪ್ಪ ಬೆರೆಸಿದ ಗಂಜಿ, ನಂತರ ಹತ್ತು ದಿನ ಹಾಲು ಬೆಲ್ಲದ ಅನ್ನ. ಏಳು ರಾತ್ರಿ ಕಳೆದರೂ ಮೂತ್ರ ಗಾಯದಿಂದಲೇ ಬರುತ್ತಿದ್ದರೆ ಗಾಯವನ್ನು ಸುಡಬೇಕು. ಒಂದು ವರ್ಷ ಕುದುರೆ, ಆನೆ, ಗುಡ್ಡ, ಮರ ಹತ್ತುವಂತಿಲ್ಲ, ಈಜುವಂತಿಲ್ಲ.

ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ವಿವರಗಳಿಗೂ ಮೊದಲು ಬರುವ ಒಂದು ಎಚ್ಚರಿಕೆ. ಕಲ್ಲು ಹೊಸದಿದ್ದಾಗ ಔಷಧಿಗೆ ಬಗ್ಗುತ್ತದೆ, ಬೆಳೆದದ್ದಕ್ಕೆ ಶಸ್ತ್ರವೇ ಬೇಕು. ಆದರೆ ಪಳಗಿದ ಕೈಯಲ್ಲೂ ಶಸ್ತ್ರದ ಫಲ ಖಾತ್ರಿಯಿಲ್ಲ. ಮಾಡದಿದ್ದರೆ ಸಾವು ನಿಶ್ಚಯ, ಮಾಡಿದರೆ ಬದುಕುವುದು ಅನುಮಾನ. ಆದ್ದರಿಂದ ಒಡೆಯನ ಅಪ್ಪಣೆ ಪಡೆದೇ ಕೈಹಾಕಬೇಕು ಎನ್ನುತ್ತದೆ ಸಂಹಿತೆ. ಇವತ್ತು ಆಪರೇಷನ್ ಕೊಠಡಿಯ ಹೊರಗೆ ನಮ್ಮಿಂದ ಸಹಿ ಹಾಕಿಸಿಕೊಳ್ಳುವ ಹಾಳೆ ನೆನಪಾಗುವುದಿಲ್ಲವೇ? ತನ್ನ ಕೈಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಬರೆದಿಟ್ಟ ವೈದ್ಯ ಆತ.

ಚರಕನದು ಔಷಧಿಯ ಪಂಗಡ, ಆತ ಚಾಕು ಹಿಡಿಯುವವನಲ್ಲ. ಕಷಾಯ ಹೇಳುತ್ತಾನೆ, ಮದ್ಯ ಕುಡಿಸಿ ವೇಗದ ಕುದುರೆಯ ಮೇಲೋ ರಥದಲ್ಲೋ ಓಡಾಡಿಸಲೂ ಹೇಳುತ್ತಾನೆ. ಕುಲುಕಾಟಕ್ಕೆ ಮರಳು ಜಾರಲಿ ಎಂದು! (ನಮ್ಮೂರ ರಸ್ತೆಯಲ್ಲಿ ರಥವೇ ಬೇಕಿಲ್ಲ, ಬಸ್ಸು ಸಾಕು.) ಅಲ್ಲೇ ಮುಂದಿನ ಮಾತು: ಇಷ್ಟಕ್ಕೂ ಶಮನವಾಗದಿದ್ದರೆ ಶಸ್ತ್ರ ಬಲ್ಲವನು ಅದನ್ನು ತೆಗೆಯಲಿ. ಔಷಧಿಯ ಪಂಗಡದವನೇ ರೋಗಿಯನ್ನು ಇನ್ನೊಬ್ಬನಿಗೆ ಒಪ್ಪಿಸುವ ಗೆರೆ ಎಳೆದಿದ್ದಾನೆ.

ಔಷಧಿಗಳ ಪಟ್ಟಿ ಉದ್ದವಿದೆ. ನಮ್ಮ ಕಡೆಯವರಿಗೆ ಗೊತ್ತಿರುವುದನ್ನು ಮಾತ್ರ ಹೇಳುತ್ತೇವೆ. ನೆಗ್ಗಿಲು ಮುಳ್ಳು ಇದೆ, ಕಾಲಿಗೆ ಚುಚ್ಚಿದಾಗ ಬೈಯುತ್ತೇವಲ್ಲ, ಅದೇ. ಹಳ್ಳದ ದಂಡೆಯಲ್ಲಿ ಮೂರೆಲೆ ಬಿಟ್ಟು ಬೆಳೆಯುವ ವರುಣ ಅಂದರೆ ನೀರ್ವಾಲ ಮರದ ತೊಗಟೆ ಇದೆ. ಪೂಜೆಯ ದರ್ಭೆ ಇದೆ, ಚರಕ ಅದನ್ನು ಮೂತ್ರ ಇಳಿಸುವ ಹತ್ತು ಬೇರುಗಳಲ್ಲಿ ಸೇರಿಸಿದ್ದಾನೆ. ಹುರಳಿ ಇದೆ. ಹುರಳಿಕಟ್ಟಿನ ಸಾರು ಉಣ್ಣುವ ಬಯಲುಸೀಮೆಯವರು ದಿನವೂ ಆ ಪಟ್ಟಿಯನ್ನೇ ಉಣ್ಣುತ್ತಿದ್ದೇವೆ.

ಬಾಳೆಯೂ ಇದೆ, ಆದರೆ ನಾವು ಅಂದುಕೊಂಡ ಹಾಗಲ್ಲ. ದಿಂಡಿನ ರಸ, ಪಲ್ಯ ನಮ್ಮ ಮನೆಗಳ ರೂಢಿ. ಸುಶ್ರುತ ಹೇಳುವುದು ಎಳ್ಳಿನ ಗಿಡ, ಉತ್ತರಾಣಿ, ಬಾಳೆ, ಮುತ್ತುಗ, ಜವೆಗೋಧಿ ಇವನ್ನು ಸುಟ್ಟ ಬೂದಿಯಿಂದ ತೆಗೆದ ಕ್ಷಾರ, ಅದೂ ಕುರಿಯ ಮೂತ್ರದ ಜೊತೆ. ಗಿಡದ ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚು. ಇಂದಿನ ವೈದ್ಯರು ಕೊಡುವ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ಪಿನ ಕೆಲಸವೂ ಮೂತ್ರದ ಹುಳಿ ಕಡಿಮೆ ಮಾಡುವುದೇ. ಯೂರಿಕ್ ಆಮ್ಲದ ಹರಳು ಅದಕ್ಕೆ ಕರಗುತ್ತದೆ. ಆಕ್ಸಲೇಟಿನದು ಕರಗುವುದಿಲ್ಲ, ಮತ್ತೆ ಮತ್ತೆ ಆಗುವುದು ಕಡಿಮೆಯಾಗಬಹುದು ಅಷ್ಟೆ. ನಮ್ಮಲ್ಲಿ ಹೆಚ್ಚು ಸಿಗುವುದು ಆಕ್ಸಲೇಟ್. ಬೂದಿ, ಸುಣ್ಣದ ಮೇಲಿನ ನಂಬಿಕೆ ಎಲ್ಲ ಕಡೆಯೂ ಇತ್ತು. 1739ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಜೊಆನಾ ಸ್ಟೀಫನ್ಸ್ ಎಂಬಾಕೆಯ ಕಲ್ಲಿನ ಔಷಧಿಯ ಗುಟ್ಟು ತಿಳಿಯಲು 5000 ಪೌಂಡ್ ಕೊಟ್ಟಿತು. ಗುಟ್ಟು ಎಂದರೆ ಮೊಟ್ಟೆಯ ಚಿಪ್ಪು, ಬಸವನಹುಳುವಿನ ಚಿಪ್ಪು ಸುಟ್ಟ ಪುಡಿ ಮತ್ತು ಸಾಬೂನು.

ಹಾಗಾದರೆ ಅಜ್ಜರ ಸೊಪ್ಪು? ಹಳೆಯ ಗ್ರಂಥಗಳಲ್ಲಿ ಪಾಷಾಣಭೇದ, ಅಂದರೆ ಕಲ್ಲೊಡೆಯುವ ಗಿಡ, ಎಂಬ ಹೆಸರಿದೆ. ಹಿಮಾಲಯದ ಬಂಡೆಸಂದಿನಲ್ಲಿ ಬೆಳೆಯುವ ಗಿಡವೊಂದನ್ನು ಈಗ ಆ ಹೆಸರಿಗೆ ಒಪ್ಪಿಕೊಂಡಿದ್ದಾರೆ. ಅದು ದಕ್ಷಿಣದಲ್ಲಿ ಸಿಗುವುದಿಲ್ಲ. ಸಿಗದಿದ್ದ ಕಡೆ ಸೀಮೆಗೊಂದು ಗಿಡ ಆ ಜಾಗಕ್ಕೆ ಬಂದು ಕೂತಿದೆ. ನಮ್ಮ ಅಜ್ಜರು ಕೊಡುವುದು ಕಾಡುಬಸಳೆ, ದಪ್ಪ ಎಲೆಯದು, ಎಲೆಯಂಚಿನಲ್ಲೇ ಮರಿ ಗಿಡ ಹುಟ್ಟುತ್ತದಲ್ಲ ಅದು. ಅದರ ತವರು ಮಡಗಾಸ್ಕರ್! ಸುಶ್ರುತ ಅದನ್ನು ಕಂಡಿರಲು ದಾರಿಯೇ ಇಲ್ಲ. ಆದರೆ ಸುಮಾರು ಇನ್ನೂರು ವರ್ಷದಿಂದ ನಮ್ಮ ನೆಲದಲ್ಲಿರುವುದಂತೂ ನಿಜ. ಬೆಂಗಳೂರಿನ ಲಾಲ್‌ಬಾಗನ್ನು ಸ್ವಲ್ಪ ಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ ಅದರ ಎಲೆ ತಿಂದು ನೋಡಿ, ಬೆಳಿಗ್ಗೆ ಹುಳಿಯಿರುತ್ತದೆ, ಹೊತ್ತೇರಿದಂತೆ ಹುಳಿ ಹೋಗುತ್ತದೆ ಎಂದು ಬರೆದದ್ದು 1815ರಲ್ಲಿ ಅಚ್ಚಾಗಿದೆ. ನಾವೂ ತಿಂದು ನೋಡಿದೆವು, ನಿಜ.

ಗಿಡ ಹೊಸದು ಎಂದ ಮಾತ್ರಕ್ಕೆ ಗುಣವಿಲ್ಲ ಎಂದೇನಲ್ಲ. ನಮ್ಮನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ, ಗಿಡಕ್ಕಿಂತ ದೊಡ್ಡದು.

ಸುಶ್ರುತನ ಕಲ್ಲು ಇದ್ದದ್ದು ಕಿಡ್ನಿಯಲ್ಲಲ್ಲ, ಉಚ್ಚೆಯ ಚೀಲದಲ್ಲಿ. ಬಸ್ತಿ ಎಂದು ಆತ ಕರೆಯುವುದು ಅದನ್ನೇ. ಬೆರಳಿನಿಂದ ಮುಂದಕ್ಕೆ ತಳ್ಳಲು ಸಾಧ್ಯವಾದದ್ದು ಅದಕ್ಕೇ. ರೋಗಿಗಳು ಹೆಚ್ಚಾಗಿ ಮಕ್ಕಳು ಎಂದೂ ಹೇಳುತ್ತಾನೆ. ಅವರ ಚೀಲ ಚಿಕ್ಕದು, ಮೈಯಲ್ಲಿ ಮಾಂಸ ಕಡಿಮೆ, ಕಲ್ಲು ಕೈಗೆ ಸುಲಭವಾಗಿ ಸಿಗುತ್ತದೆ. ಅದೇ ಬೆರಳಿನ ವಿಧಾನವನ್ನು ರೋಮಿನ ಸೆಲ್ಸಸ್ ಕ್ರಿ.ಶ. ಒಂದನೇ ಶತಮಾನದಲ್ಲಿ ಬರೆದಿದ್ದಾನೆ, ಆತನ ರೋಗಿಗಳೂ 9ರಿಂದ 14 ವರ್ಷದ ಹುಡುಗರು.

ಕಿಡ್ನಿ ಎಂಬ ಅಂಗ ನಮ್ಮ ಹಳಬರಿಗೆ ಗೊತ್ತಿತ್ತು, ವೃಕ್ಕ ಎಂದು ಕರೆದು ಕೊಬ್ಬಿನ ಜೊತೆ ನಂಟು ಹಾಕಿದ್ದರು. ಮೂತ್ರ ಹುಟ್ಟುವುದು ಅಲ್ಲಿ ಎಂದು ತಿಳಿದಿರಲಿಲ್ಲ. ಕರುಳಿನ ಕಡೆಯಿಂದ ಕಣ್ಣಿಗೆ ಕಾಣದ ಸಾವಿರಾರು ನಾಳಗಳ ಮೂಲಕ ಮೂತ್ರ ಚೀಲಕ್ಕೆ ಜಿನುಗುತ್ತದೆ, ಕುತ್ತಿಗೆಯವರೆಗೆ ನೀರಿನಲ್ಲಿಟ್ಟ ಹೊಸ ಮಡಕೆಗೆ ಪಕ್ಕದಿಂದ ನೀರು ಒಸರಿದಂತೆ ಎಂಬುದು ಸುಶ್ರುತನ ವಿವರಣೆ. ಆ ಕಾಲಕ್ಕೆ ಒಳ್ಳೆಯ ಊಹೆಯೇ. ಆದರೆ ಪಕ್ಕೆಯೊಳಗೆ ಒಂದು ಕಿಡ್ನಿ ಸದ್ದಿಲ್ಲದೆ ಊದಿ ಸಾಯಬಹುದು ಎಂಬ ಅಪಾಯ ಈ ಊಹೆಯೊಳಗೆ ಹಿಡಿಸುವುದೇ ಇಲ್ಲ.

ಚೀಲದ ಕಲ್ಲು ತನ್ನನ್ನು ಬಚ್ಚಿಟ್ಟುಕೊಳ್ಳುವುದಿಲ್ಲ. ಅಡ್ಡ ಬಂದಾಗ ಧಾರೆ ಒಡೆಯುತ್ತದೆ, ಸರಿದಾಗ ಸಲೀಸಾಗುತ್ತದೆ, ಮಗು ಚೀರುತ್ತದೆ. ನೋವು ಹೋಯಿತೆಂದರೆ ಕಲ್ಲು ಹೋಯಿತು ಎಂಬ ಲೆಕ್ಕ ಅಲ್ಲಿ ಹೆಚ್ಚುಕಡಿಮೆ ಸರಿ. ಆ ಲೆಕ್ಕವನ್ನೇ ನಾವು ಮೂತ್ರನಾಳದ ಹರಳಿಗೂ ಹಾಕಿದೆವು.

ಈ ಮಕ್ಕಳ ಕಲ್ಲು ಎಲ್ಲಿ ಹೋಯಿತು? ನೂರು ವರ್ಷದ ಹಿಂದಿನವರೆಗೂ, ಮುಖ್ಯವಾಗಿ ಉತ್ತರ, ವಾಯವ್ಯ ಭಾರತದಲ್ಲಿ, ಇತ್ತು. 1880ರ ದಶಕದಲ್ಲಿ ಇಂದೋರಿನ ಡಾಕ್ಟರ್ ಕೀಗನ್ ಚಿಕ್ಕ ಹುಡುಗರಿಗೂ ಕೊಯ್ಯದೆ, ಮೂತ್ರದ್ವಾರದಿಂದಲೇ ಉಪಕರಣ ತೂರಿಸಿ ಕಲ್ಲು ಪುಡಿಮಾಡಿ ತೆಗೆಯಬಹುದು ಎಂದು ತೋರಿಸಿ ಹೆಸರಾದ. ಕಾರಣ ಹುಡುಕಿದ್ದು ನಮ್ಮ ಪಕ್ಕದ ನೀಲಗಿರಿಯಲ್ಲಿ. ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ಹಿಟ್ಟು ಜಾಸ್ತಿ, ಪೌಷ್ಟಿಕಾಂಶ ಕಡಿಮೆ ಇರುವ ಆಹಾರ ಹಾಕಿದಾಗ ಅವುಗಳಲ್ಲಿ ಕಲ್ಲು ಬೆಳೆಯಿತು. ಹಾಲು ಸೇರಿಸಿದಾಗ ನಿಂತಿತು. 1931ರಲ್ಲಿ ಇದನ್ನು ಪ್ರಕಟಿಸಿದರು. ಊಟ ಸುಧಾರಿಸಿದ ಕಡೆಯೆಲ್ಲ ಮಕ್ಕಳ ಚೀಲದ ಕಲ್ಲು ಹಿಂದೆ ಸರಿದಿದೆ. ದೊಡ್ಡವರ ಕಿಡ್ನಿ ಹರಳು ಮುಂದೆ ಬಂದಿದೆ. ಬಿಸಿಲಲ್ಲಿ ದುಡಿತ, ಬೆವರು, ಕುಡಿಯುವ ನೀರು ಕಡಿಮೆ, ಉಪ್ಪು ಜಾಸ್ತಿ: ಇವು ನಮ್ಮ ಕಡೆಯ ಕಾರಣಗಳು.

ಹೀಗೆ ಹೆಸರು ಒಂದೇ ಉಳಿಯಿತು, ರೋಗ ಜಾಗ ಬದಲಿಸಿತು. ಚಿಕಿತ್ಸೆಯಲ್ಲೂ ಅರ್ಧ ಮಾತ್ರ ನಮ್ಮ ಹಳ್ಳಿಗಳಿಗೆ ಉಳಿಯಿತು. ವಾಗ್ಭಟನ ಅಷ್ಟಾಂಗ ಹೃದಯದಲ್ಲೂ ಕಲ್ಲು ಕೊಯ್ಯುವ ವಿಧಾನವಿದೆ. ಆದರೆ ಮುಂದಿನ ಶತಮಾನಗಳಲ್ಲಿ ಚಾಕು ವೈದ್ಯರ ಕೈಯಿಂದ ಜಾರಿತು, ಸೊಪ್ಪು ಕಷಾಯ ಉಳಿದವು. ಜೊತೆಗೆ ‘ಇಷ್ಟಕ್ಕೂ ಬಗ್ಗದಿದ್ದರೆ ಶಸ್ತ್ರ ಬಲ್ಲವನ ಹತ್ತಿರ ಕಳಿಸು’ ಎಂಬ ಗೆರೆಯೂ ಅಳಿಸಿಹೋಯಿತು. ನಾವು ಪರಂಪರೆ ಎಂದು ಬರೆದದ್ದು ಆ ಉಳಿದರ್ಧವನ್ನು.

ಆ ಉಳಿದರ್ಧವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಮತ್ತು ಜೊತೆಗಾರರು ವರುಣದ ತೊಗಟೆಯನ್ನು ರೋಗಿಗಳಿಗೆ ಕೊಟ್ಟು ನೋಡಿ 1982ರಲ್ಲಿ ಪ್ರಕಟಿಸಿದರು. ಇಂಥ ಪರೀಕ್ಷೆಗಳಲ್ಲಿ ಒಂದು ತೊಡಕಿದೆ, ಸುದ್ದಿ ಬರೆಯುವ ನಮ್ಮಂಥವರು ತಿಳಿದಿರಬೇಕಾದ ತೊಡಕು. 5 ಮಿಲಿಮೀಟರಿಗಿಂತ ಚಿಕ್ಕ ಹರಳುಗಳಲ್ಲಿ ಹೆಚ್ಚಿನವು ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾವೇ ಬೀಳುತ್ತವೆ. ಆ ವಾರಗಳಲ್ಲಿ ಯಾವ ಸೊಪ್ಪು ಕುಡಿದಿದ್ದೆವೋ ಕೀರ್ತಿ ಅದಕ್ಕೆ. ಬಿದ್ದವರು ಬಂದು ಕೈಮುಗಿಯುತ್ತಾರೆ, ಬೀಳದವರು ಸುಮ್ಮನೆ ಬೇರೆ ಕಡೆ ಹೋಗುತ್ತಾರೆ. ನಾವು ಆ ದಿನ ಮಾತಾಡಿಸಿದ್ದು ಕೈಮುಗಿಯಲು ಬಂದವರನ್ನು ಮಾತ್ರ.

ಚಾಕು ಕೂಡ ಈಗ ಹಳೆಯ ಚಾಕುವಲ್ಲ. 1980ರ ಫೆಬ್ರವರಿ 7ರಂದು ಜರ್ಮನಿಯ ಮ್ಯೂನಿಕ್ಕಿನಲ್ಲಿ ಮೊದಲ ಬಾರಿಗೆ ಹೊರಗಿನಿಂದಲೇ ಆಘಾತದ ಅಲೆ ಕಳಿಸಿ ಒಬ್ಬ ರೋಗಿಯ ಕಿಡ್ನಿ ಹರಳನ್ನು ಪುಡಿಮಾಡಿದರು. ಯಂತ್ರ ಮಾಡಿದ್ದು ಡಾರ್ನಿಯರ್ ಎಂಬ ವಿಮಾನ ಕಂಪನಿ. ಈಗ ದುರ್ಬೀನು ಹಾಕಿ ಲೇಸರಿನಿಂದ ಒಡೆಯುವುದೂ ಜಿಲ್ಲಾ ಕೇಂದ್ರಗಳವರೆಗೆ ಬಂದಿದೆ. ಚಿಕ್ಕಪ್ಪನ 9 ಮಿಲಿಮೀಟರಿಗೆ ಸಕಾಲದಲ್ಲಿ ಆಗಿದ್ದರೆ ಒಂದೆರಡು ದಿನದ ಕೆಲಸವಾಗಿತ್ತು.

ಕಳೆದ ದೀಪಾವಳಿ ಮುಗಿದ ಮೇಲೆ ಅಜ್ಜರ ಮನೆಗೆ ಹೋದೆವು. ಚಿಕ್ಕಪ್ಪನ ವಿಷಯ ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ.

‘ನಮ್ಮಪ್ಪಾರ ಕಾಲ್ದಾಗೆ ಸ್ಕ್ಯಾನಿಂಗ್ ಎಲ್ಲಿತ್ತಪ್ಪಾ? ನೋವು ಹೋತು ಅಂದ್ರೆ ಕಲ್ಲು ಹೋತು ಅಂತ್ಲೇ ಲೆಕ್ಕ’ ಎಂದರು.

ಚರಕ ಹೇಳಿದ ಗೆರೆಯ ಮಾತು ತಿಳಿಸಿದೆವು. ‘ಹಂಗಾದ್ರೆ ಎಷ್ಟು ದೊಡ್ಡದಿದ್ರೆ ಕಳಿಸ್ಬೇಕು ಅಂತ ಡಾಕ್ಟ್ರನ್ನ ಕೇಳ್ಕಂಡು ಬರ್ದು ಕೊಡು. ಗ್ವಾಡೆಗೆ ಅಂಟಿಸ್ತೀನಿ’ ಎಂದರು. ಸ್ವಲ್ಪ ತಡೆದು, ‘ಆದ್ರೆ ಎಲ್ಲಿಗೆ ಕಳಿಸ್ಲಿ? ತಾಲೂಕಿನಾಗೆ ಸ್ಕ್ಯಾನ್ ಮಾಡೋರು ವಾರಕ್ಕೆ ಎಲ್ಡು ದಿನ ಬರ್ತಾರೆ. ಇಲ್ಲಿಗೆ ಬರೋರ ಹತ್ರ ಪ್ರೈವೇಟಿಗೆ ದುಡ್ಡಿರಲ್ಲ’ ಎಂದೂ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಹರಳಿನ ವೈದ್ಯರೊಬ್ಬರನ್ನು ಕೇಳಿ ದೊಡ್ಡಕ್ಷರದಲ್ಲಿ ಬರೆದು ಕೊಟ್ಟೆವು. ಸ್ಕ್ಯಾನ್ ಚೀಟಿ ಇಲ್ಲದೆ ಸೊಪ್ಪಿಲ್ಲ. 6 ಮಿಲಿಮೀಟರಿಗಿಂತ ದೊಡ್ಡದಾದರೆ ಮೊದಲು ಆಸ್ಪತ್ರೆ. ಚಳಿ ಜ್ವರ ಇದ್ದರೆ, ಮೂತ್ರ ನಿಂತರೆ, ಇರುವುದೇ ಒಂದು ಕಿಡ್ನಿಯಾದರೆ ಅದೇ ದಿನ ಆಸ್ಪತ್ರೆ. ನೋವು ಹೋದರೂ ನಾಲ್ಕು ವಾರಕ್ಕೆ ಮತ್ತೆ ಸ್ಕ್ಯಾನ್.

ಹಾಳೆ ಈಗ ಅವರ ಪಡಸಾಲೆಯಲ್ಲಿ ಕ್ಯಾಲೆಂಡರಿನ ಪಕ್ಕ ಇದೆ. ಅದರ ಮೇಲೆ, ಚೌಕಟ್ಟು ಹಾಕಿಸಿದ ನಮ್ಮ ಹಳೆಯ ಅರ್ಧ ಪುಟವೂ ಇದೆ. ಅದನ್ನು ತೆಗೆದುಬಿಡಿ ಅಜ್ಜ ಎಂದು ಕೇಳಿದೆವು. ಒಪ್ಪಲಿಲ್ಲ.